ನಾಲ್ಕು ಕಾಳು ಹಳೆ ಅಕ್ಕಿ

17 ನವೆಂಬರ್, ಭಾನುವಾರ

ನಮ್ಮ ಮನೆಯ ಯಜಮಾನಿಗೆ,

ನೀನೂ ಮಗಳೂ ಚೆನ್ನಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಅಂದುಕೊಳ್ಳುವುದು ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ, ಹನ್ನೆರಡು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಪುಟ್ಟಿ ಎತ್ತುತ್ತಾಳೆ, ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಹೀಗೇ ಆದರೆ ನಿನ್ನ ಚರ್ಮ ಸವೆದುಹೋಗುತ್ತದೆ ಕಣೇ. ಅದಕ್ಕೇ ಕಾಗದ ಹಿಡಿದು ಕೂತೆ. ಮದುವೆಯ ಹೊಸದರಲ್ಲಿ ನೀನು ತವರಿಗೆ ಹೋದಾಗ ಎರಡು ಸಲ ಬರೆದದ್ದು ಬಿಟ್ಟರೆ ನಿನಗೆ ನಾನು ಕಾಗದ ಬರೆದವನೇ ಅಲ್ಲ. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬಲಗೈ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತ್ತು, ನಿನ್ನೆಯಿಂದ ಪೆನ್ನು ಹಿಡಿಯಲು ಬರುತ್ತಿದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ತಮ್ಮನಿಗೆ ನಾನು ಹೊಡೆದದ್ದು ನಿಜ. ಅವನ ತುಟಿಗೆ ಮೂರು ಹೊಲಿಗೆ ಬಿದ್ದಿವೆಯಂತೆ, ಒಂದು ಹಲ್ಲು ಅಲುಗಾಡುತ್ತಿದೆಯಂತೆ. ಇಪ್ಪತ್ತು ವರ್ಷದಿಂದ ಹೊಲಿಗೆಯಲ್ಲೇ ಅನ್ನ ತಿಂದವನು ನಾನು, ಆ ಮೂರು ಹೊಲಿಗೆ ಹೋಗಿ ನೋಡಲು ಮಾತ್ರ ನನ್ನಿಂದ ಆಗಲಿಲ್ಲ. ಅವನೀಗ ತನ್ನ ಗೋದಾಮಿನ ಜೊತೆಗಾರರ ಕೋಣೆಯಲ್ಲಿದ್ದಾನೆ. ಜನವರಿಯಲ್ಲಿ ನೀವಿಬ್ಬರೂ ಇಲ್ಲಿಗೆ ಬರಲೇಬಾರದು ಅಂತ ನಿನಗೆ ಹೇಳಿದ್ದಾನಂತೆ. ಅತ್ತೆ ಫೋನಿನಲ್ಲಿ ಅಳುತ್ತಾ ಹೇಳಿದರು. ವೀಸಾ ಬಂದಿದೆ, ಟಿಕೆಟ್ ಬಂದಿದೆ, ಪುಟ್ಟಿಗೆ ಸ್ಕೂಲು ನೋಡಿಟ್ಟಿದ್ದೇನೆ. ಎರಡು ವರ್ಷ ನಾಯಿಯ ಹಾಗೆ ದುಡಿದದ್ದು ಆ ಒಂದು ದಿನಕ್ಕೆ. ಅವನ ಮಾತು ಕೇಳಿದ್ದಾಯಿತು, ನನ್ನದನ್ನೂ ಕೇಳು. ಬರಬೇಕೋ ಬೇಡವೋ ಆಮೇಲೆ ಹೇಳು.

ಈ ಊರಿಗೆ ಬಂದ ಮೊದಲ ತಿಂಗಳು ನಾನು ಅಂಗಡಿಗೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂದದ್ದೇ ಹೆಚ್ಚು. ಏನನ್ನು ಎತ್ತಿಕೊಂಡರೂ ಬೆಲೆಯನ್ನು ನಮ್ಮ ದುಡ್ಡಿಗೆ ಗುಣಿಸುವುದು, ಇದ್ದ ಜಾಗದಲ್ಲೇ ಇಟ್ಟು ಬರುವುದು. ಒಂದು ಸೋಪಿನ ಬೆಲೆಗೆ ನಮ್ಮಲ್ಲಿ ಒಂದು ರವಿಕೆ ಹೊಲಿಸಬಹುದಿತ್ತು. ಸ್ನಾನಕ್ಕೆ ಒಂದು ಚೊಂಬು ಹುಡುಕಿ ಹುಡುಕಿ ಸಾಕಾಗಿ, ಅಡುಗೆಯವರು ಹಾಲು ಅಳೆಯುವ ಪ್ಲಾಸ್ಟಿಕ್ ಜಗ್ಗು ತಂದೆ. ಇವತ್ತಿಗೂ ತಲೆಗೆ ಎಷ್ಟು ಮಿಲಿಲೀಟರ್ ನೀರು ಸುರಿದುಕೊಂಡೆ ಅನ್ನುವುದು ನನಗೆ ಸರಿಯಾಗಿ ಗೊತ್ತಿರುತ್ತದೆ. ದಿಂಬು ಕೊಳ್ಳಲಿಲ್ಲ, ಕೆಲಸದ ಜಾಗದ ಚಿಂದಿ ತುಂಬಿ ನಾನೇ ಹೊಲಿದುಕೊಂಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನನಗೆ ಹಾಸಿಗೆಯೇ ಇರಲಿಲ್ಲ, ಹಾಗಾಗಿ ಕಾಲು ಮಡಚಿಕೊಂಡೇ ಮಲಗಿದೆ.

ಕೆಲಸದ ಜಾಗ ಎಂಥದ್ದು ಅಂತ ನೀನು ಫೋನಿನಲ್ಲಿ ಕೇಳಿದಾಗ ಚೆನ್ನಾಗಿದೆ ಅಂದಿದ್ದೆ. ಆಸ್ಪತ್ರೆಗಳ ಹರಿದ ಹೊದಿಕೆ, ರೋಗಿಗಳ ಅಂಗಿ ರಿಪೇರಿ ಮಾಡುವ ತಗಡಿನ ಶೆಡ್ಡು. ಮೇಸ್ತ್ರಿ ಬಟ್ಟೆಯ ಗಂಟನ್ನು ಕೈಗೆ ಕೊಡುವುದಿಲ್ಲ, ಎಸೆಯುತ್ತಾನೆ. ಒಂದು ಸಲ ಒದ್ದೆ ಗಂಟು ಗುಂಡಿ ಹಾಕುವ ಹೆಂಗಸಿನ ಮುಖಕ್ಕೆ ಬಡಿದು ಮೂಗಿನಿಂದ ರಕ್ತ ಬಂತು. ಅವಳು ಅದೇ ಬಟ್ಟೆಯ ಅಂಚಿನಲ್ಲಿ ಒರೆಸಿಕೊಂಡು ಮುಂದಿನ ಗುಂಡಿ ಎತ್ತಿಕೊಂಡಳು. ನಾವು ಹದಿನಾಲ್ಕು ಜನರೂ ಮಿಷನ್ ತುಳಿಯುತ್ತಲೇ ಇದ್ದೆವು. ಶನಿವಾರದ ಮಂಡಿಯ ದಾರಿ ನನಗೆ ತೋರಿಸಿದ್ದು ಅವಳೇ.

ಊರಾಚೆ ದೊಡ್ಡ ತರಕಾರಿ ಮಂಡಿಯೊಂದಿದೆ. ಶನಿವಾರ ಸಂಜೆ ನಾಲ್ಕಕ್ಕೆ ಕಬ್ಬಿಣದ ಷಟರ್ ಎಳೆಯುವ ಮುಂಚೆ ಉಳಿದ ಮಾಲನ್ನೆಲ್ಲ ಕ್ರೇಟುಗಳ ಸಮೇತ ಹೊರಗೆ ತಳ್ಳುತ್ತಾರೆ. ಕಾಸಿಗೊಂದು ಕೊಸರಿಗೆರಡು. ಮೊದಲ ಸಲ ನಾನು ನಾಲ್ಕು ಜನ ನಿಂತ ಕಡೆ ಐದನೆಯವನಾಗಿ ಮರ್ಯಾದೆಯಿಂದ ನಿಂತೆ. ಒಬ್ಬ ಮುದುಕಿ ತನ್ನ ಚಕ್ರದ ಚೀಲವನ್ನು ನನ್ನ ಮೊಣಕಾಲಿಗೆ ಗುದ್ದಿ ಮುಂದೆ ಹೋದಳು. ನೋವಿಗೆ ಬಗ್ಗಿದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುವ ಹಾಗೆ, ಹಿಂದೆ ಇದ್ದವನು ನನ್ನ ಬೆನ್ನ ಮೇಲೆ ಕೈಯೂರಿ ದಾಟಿಯೇ ಹೋದ. ಅವತ್ತು ನನ್ನ ಪಾಲಿಗೆ ಬಂದದ್ದು ಒಡೆದ ಒಂದು ಕುಂಬಳಕಾಯಿ.

ಎರಡನೇ ವಾರ ಮೊಣಕೈ ಕಲಿತೆ. ಮೂರನೇ ವಾರ ಹಣೆ. ಈರುಳ್ಳಿ ಚೀಲದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ನನಗಿಂತ ಒಂದು ಗೇಣು ಎತ್ತರದವನ ಕೈಯಲ್ಲಿ. ಅವನು ಎಳೆದಾಗ ನಾನು ಬಿಡುವವನ ಹಾಗೆ ಮುಂದಕ್ಕೆ ಹೋಗಿ ಹಣೆಯಿಂದ ಅವನ ಮೂಗಿಗೆ ಕೊಟ್ಟೆ. ಲಟಕ್ಕೆಂದು ಏನೋ ಮುರಿದ ಸದ್ದು ನನ್ನ ತಲೆಬುರುಡೆಯೊಳಗೇ ಕೇಳಿತು. ಅವನು ಮುಖ ಮುಚ್ಚಿಕೊಂಡು ನೆಲಕ್ಕೆ ಕೂತ. ಈರುಳ್ಳಿ ಹೆಗಲ ಮೇಲೆ, ಅವನ ರಕ್ತ ತೋಳಿನ ಮೇಲೆ, ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದೆ. ಅವತ್ತು ನಿನಗೆ ಫೋನ್ ಮಾಡಿ ಈರುಳ್ಳಿ ಸಸ್ತಾ ಸಿಕ್ಕಿತು ಅಂದೆ, ಜ್ಞಾಪಕವಿದೆಯಾ? ನೀನು ನಿಮ್ಮಷ್ಟು ಚೌಕಾಸಿ ಯಾರಿಗೆ ಬರುತ್ತೆ ಅಂತ ನಕ್ಕೆ.

ಇನ್ನೊಂದು ಶನಿವಾರದ ಸಂಗತಿ ಯಾರಿಗೂ ಹೇಳಿಲ್ಲ. ಒಬ್ಬ ನಡುವಯಸ್ಸಿನವನು ಕೊನೇ ಗಳಿಗೆಯಲ್ಲಿ ಒಳಗೆ ಕೈ ಹಾಕಿದ, ಒಳಗಿನವನು ನೋಡದೆ ಷಟರ್ ಬಿಟ್ಟ. ನಾಲ್ಕು ಬೆರಳು ಅಡಿಗೆ ಸಿಕ್ಕಿಕೊಂಡವು. ಅವನ ಕೂಗು ಎಲ್ಲರಿಗೂ ಕೇಳಿತು. ಕ್ರೇಟಿಗೆ ಕೈ ಹಾಕಿದವರು ಯಾರೂ ಕೈ ತೆಗೆಯಲಿಲ್ಲ. ನಾನು ಅವನ ಪಕ್ಕದಲ್ಲೇ ಇದ್ದೆ. ಇನ್ನೊಂದು ಕೈಯಲ್ಲಿ ಹಿಡಿದಿದ್ದ ಟೊಮ್ಯಾಟೊ ಚೀಲವನ್ನು ಅವನು ಕೆಳಗೆ ಬಿಟ್ಟ. ಷಟರ್ ಎತ್ತಲು ಅಂತಲೇ ಬಗ್ಗಿದೆ ಕಣೇ, ಆಣೆ ಮಾಡಿ ಹೇಳುತ್ತೇನೆ. ಚೀಲ ಎತ್ತಿಕೊಂಡು ಎದ್ದೆ. ಮಂಡಿಯವರು ಬಂದು ಷಟರ್ ಎತ್ತುವ ಹೊತ್ತಿಗೆ ನಾನು ಬಸ್‌ಸ್ಟಾಪಿನಲ್ಲಿದ್ದೆ. ಆ ಟೊಮ್ಯಾಟೊ ನಾಲ್ಕು ದಿನ ಬಂದವು, ಹಣ್ಣು ಚೆನ್ನಾಗಿತ್ತು.

ಹೀಗೆ ಬದುಕುತ್ತಿದ್ದ ನನ್ನ ಕೋಣೆಗೆ ನಿನ್ನ ತಮ್ಮ ಬಂದ. ಅವನಿಗೊಂದು ದಾರಿ ತೋರಿಸಿ ಅಂತ ನೀನು ಆರು ತಿಂಗಳು ನನ್ನ ಪ್ರಾಣ ತಿಂದೆ, ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಹುಡುಕಿ ಕರೆಸಿಕೊಂಡೆ. ಹುಡುಗ ಒಳ್ಳೆಯವನು, ಅದೇ ತೊಂದರೆ. ಅಂಗಡಿಗೆ ಹೋದರೆ ಬೆಲೆಯ ಚೀಟಿ ಇರುವ ಕಡೆಗೆ ಅವನ ಕಣ್ಣೇ ಹೋಗುವುದಿಲ್ಲ. ಬಂದ ವಾರವೇ ಒಂದು ಕೂದಲಿನ ಎಣ್ಣೆ, ಒಂದು ಕಂಬಳಿ, ಕಿಟಕಿಗೆ ಇಡಲು ಕುಂಡದಲ್ಲಿ ಒಂದು ಗಿಡ! ಕಂಬಳಿಯನ್ನು ನಾನೇ ಅವನ ಕೈಲಿ ವಾಪಸ್ಸು ಕೊಡಿಸಿದೆ. ಚಳಿ ಅಂದ. ನನ್ನ ಹಳೆ ಕೋಟು ಹೊದ್ದುಕೋ ಅಂದೆ. ತಿಂಡಿ ಸಾಮಾನಿನ ಕಪಾಟಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಂಡಿಗೂ ಕರೆದುಕೊಂಡು ಹೋದೆ. ಅವನ ತೋಳು ನೋಡಿದರೆ ನಾಲ್ಕು ಕ್ರೇಟು ಒಬ್ಬನೇ ಎತ್ತಬೇಕು. ಅವನು ಆ ಚಕ್ರದ ಚೀಲದ ಮುದುಕಿಗೆ ದಾರಿ ಬಿಟ್ಟು, ಅವಳ ಚೀಲ ತುಂಬಿಸಿ, ಬಸ್ಸಿಗೂ ಹತ್ತಿಸಿ ಬಂದ. ತನ್ನ ಪಾಲಿಗೆ ಒಂದು ಹೂಕೋಸು ತಂದಿದ್ದ. ನಾನು ಅವನ ತಲೆಗೆ ಒಂದು ಬಿಟ್ಟೆ. ತಮಾಷೆಗೆ ಅನ್ನುವ ಹಾಗೇ ಬಿಟ್ಟೆ. ಅವನೂ ನಕ್ಕ. ಆಮೇಲೆ ಪ್ರತಿ ಶನಿವಾರ ತಮಾಷೆ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಹೋಯಿತು. ಒಂದು ದಿನ ಅವನು, ನಾವು ಇಷ್ಟೊಂದು ಬಡವರಲ್ಲ ಭಾವ, ಅಂದ. ನಿಮ್ಮಕ್ಕ ಬರಬೇಕೋ ಬೇಡವೋ ಅಂತ ಕೇಳಿದೆ. ಅವನು ಕ್ರೇಟು ಎತ್ತಿಕೊಂಡು ಮುಂದೆ ನಡೆದ.

ಈಗ ಆ ದಿನದ ವಿಷಯ. ನೀವು ಬರುವಷ್ಟರಲ್ಲಿ ಮನೆಯಲ್ಲಿ ಒಂದು ಮೂಟೆ ಒಳ್ಳೆ ಅಕ್ಕಿ ಇರಲಿ ಅಂತ ನನ್ನ ಆಸೆ. ಹೊಸ ಅಕ್ಕಿಯ ಅನ್ನ ಮುದ್ದೆಯಾದರೆ ಪುಟ್ಟಿ ಮುಟ್ಟುವುದಿಲ್ಲವಲ್ಲ. ದೊಡ್ಡ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಮೂಟೆ ಹಾಕಿದ್ದರು, ಒಬ್ಬರಿಗೆ ಒಂದೇ. ಅದಕ್ಕೇ ಅವನನ್ನೂ ಕರೆದುಕೊಂಡು ಹೋದೆ. ಇಬ್ಬರಿಗೂ ಒಂದೊಂದು ಮೂಟೆ ಸಿಕ್ಕಿತು. ಆದರೆ ಹಳೆ ಅಕ್ಕಿಯೋ ಹೊಸ ಅಕ್ಕಿಯೋ ಚೀಲದ ಮೇಲೆ ಬರೆದಿರಲಿಲ್ಲ. ನಮ್ಮ ಊರಿನ ಅಂಗಡಿಯವನು ತಾನೇ ಚೀಲಕ್ಕೆ ಕೈ ಹಾಕಿ ಅಂಗೈಗೆ ನಾಲ್ಕು ಕಾಳು ಹಾಕುವುದಿಲ್ಲವೇ? ಬಾಯಿಗೆ ಹಾಕಿ ಕಡಿದು ನೋಡದೆ ನಿಮ್ಮಪ್ಪ ಯಾವತ್ತಾದರೂ ಅಕ್ಕಿ ತಂದದ್ದುಂಟೇ?

ಚೀಲದ ಬಾಯಿಯ ಹೊಲಿಗೆ ಸರಪಳಿ ಹೊಲಿಗೆ. ಒಂದು ತುದಿಯಲ್ಲಿ ಸರಿಯಾದ ಎಳೆ ಕತ್ತರಿಸಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಾಲ್ಕು ಕಾಳು ಬರುವಷ್ಟು ಮಾತ್ರ ಬಿಚ್ಚಬೇಕು ಅಂತ ತಲೆ ಹೇಳಿತು. ಇಪ್ಪತ್ತು ವರ್ಷದ ಕೈ ಕೇಳಬೇಕಲ್ಲ? ಜೇಬಿನಲ್ಲಿದ್ದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದೆ, ಎಳೆ ಎಳೆದೆ. ಮೂಟೆ ಬಾಯಿ ತೆರೆದು ಇಪ್ಪತ್ತು ಕೇಜಿ ಅಕ್ಕಿ ನನ್ನ ಕಾಲ ಮೇಲೆ ಸುರಿಯಿತು. ನಾನೋ, ಒಂದು ಕೈಯಲ್ಲಿ ಕತ್ತರಿ, ಬಾಯಲ್ಲಿ ಕಾಳು. ಹಳೆ ಅಕ್ಕಿ! ಎಷ್ಟು ಖುಷಿಯಾಯಿತೆಂದರೆ, ತಿರುಗಿ ನಿನ್ನ ತಮ್ಮನಿಗೆ ಅದನ್ನೇ ಹೇಳಲು ಹೊರಟೆ.

ಕಾವಲಿನವರು ಇಬ್ಬರು ಬಂದರು. ಅವರ ಕಣ್ಣಿಗೆ ಕಂಡದ್ದು ಚೀಲ ಸೀಳಿದ, ಕೈಯಲ್ಲಿ ಆಯುಧ ಹಿಡಿದ ಒಬ್ಬ ಮನುಷ್ಯ. ಒಬ್ಬ ನನ್ನ ಕೈ ಹಿಂದಕ್ಕೆ ತಿರುಚಿದ. ಕತ್ತರಿಯ ಹಿಡಿಯಲ್ಲಿ ಸಿಕ್ಕಿಕೊಂಡಿದ್ದ ಹೆಬ್ಬೆರಳು ಕೀಲು ತಪ್ಪಿತು. ಇನ್ನೊಬ್ಬ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿ ಬೆನ್ನ ಮೇಲೆ ಮಂಡಿಯೂರಿದ. ಕೆನ್ನೆ ಅಕ್ಕಿಯಲ್ಲಿ ಹೂತುಹೋಯಿತು, ಕಾಳು ಮೂಗಿನೊಳಗೆ ಹೋದವು, ಉಸಿರು ಎಳೆದರೆ ಅಕ್ಕಿ ಬರುತ್ತಿತ್ತು. ಜನ ಟ್ರಾಲಿ ನಿಲ್ಲಿಸಿಕೊಂಡು ನೋಡಿದರು. ನನ್ನ ಒಂದು ಕಣ್ಣಿಗೆ ನಿನ್ನ ತಮ್ಮನ ಬೂಟು ಕಾಣುತ್ತಿತ್ತು. ಕಾವಲಿನವನು ಅವನನ್ನು ಕೇಳಿದ, ಇವನು ನಿನ್ನ ಜೊತೆಯವನಾ ಅಂತ. ಅಷ್ಟು ಭಾಷೆ ನನಗೆ ಬರುತ್ತದೆ. ನಿನ್ನ ತಮ್ಮ, ಅಲ್ಲ, ಗೊತ್ತಿಲ್ಲ, ಅಂದ. ಹೆಗಲ ಮೇಲೆ ತನ್ನ ಮೂಟೆ ಇಟ್ಟುಕೊಂಡೇ ಅಂದ. ಬೂಟು ತಿರುಗಿ ಬಿಲ್ ಮಾಡಿಸುವ ಕಡೆ ಹೋಯಿತು.

ಹಿಂದಿನ ಕೋಣೆಯಲ್ಲಿ ಕುರ್ಚಿ ಕೊಟ್ಟರು, ಕೂತ ಮೇಲೆ ಒದ್ದರು. ಪಕ್ಕೆಗೆ ಎರಡು, ಹೊಟ್ಟೆಗೆ ಒಂದು. ಗೋಡೆಗೆ ನಿಲ್ಲಿಸಿ ಫೋಟೋ ತೆಗೆದು, ಇನ್ನು ಈ ಬಾಗಿಲಿಗೆ ಬಂದರೆ ಪೊಲೀಸರಿಗೇ ಕೊಡುವುದು ಅಂತ ಹೇಳಿ ಸಾಮಾನು ಇಳಿಸುವ ಬಾಗಿಲಿನಿಂದ ಹೊರಗೆ ನೂಕಿದರು. ಮನೆಗೆ ನಡೆದುಕೊಂಡೇ ಬಂದೆ. ದಾರಿಯಲ್ಲಿ ಅಂಗಿ ಒದರಿದಾಗಲೆಲ್ಲ ಅಕ್ಕಿ ಉದುರುತ್ತಿತ್ತು.

ಬಾಗಿಲು ತೆಗೆದರೆ ಕೋಣೆ ತುಂಬ ಅನ್ನದ ವಾಸನೆ. ಅವನು ಎರಡು ತಟ್ಟೆ ಹಾಕಿ ಕೂತಿದ್ದ. ನನ್ನ ಮುಖ ನೋಡಿ ಎದ್ದು ನಿಂತ.

"ಕೈ ತೊಳ್ಕೊಳ್ಳಿ ಭಾವ. ಹಳೆ ಅಕ್ಕೀನೇ. ಉದುರುದುರಾಗಿ ಬಂದಿದೆ."

ನನ್ನನ್ನು ಗೊತ್ತಿಲ್ಲ ಅಂತ ಯಾಕೋ ಅಂದೆ, ಅಂತ ಕೇಳಿದೆ. ಅವನ ಹತ್ತಿರ ಉತ್ತರ ಸಿದ್ಧವಿತ್ತು.

"ಇಬ್ರನ್ನೂ ಹಿಡ್ಕೊಂಡಿದ್ರೆ ಏನ್ಮಾಡ್ಬೇಕಿತ್ತು? ಇಬ್ರ ವೀಸಾನೂ ಹೋಗಿದ್ರೆ, ಅಕ್ಕ ಬಂದಾಗ ಏರ್‌ಪೋರ್ಟಿಗೆ ಯಾರು ಹೋಗ್ತಿದ್ರು?"

ಯೋಚಿಸಿ ಆಡಿದ ಮಾತು. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ, ಅದಕ್ಕೂ ಕಡೆಯಾಗಿ ಮಾಡಿದ್ದು ಮೇಲೆ ಬರೆದಿದ್ದೇನೆ. ಆದರೂ ತಟ್ಟೆ ಎತ್ತಿ ಅವನ ಎದೆಗೆ ಹೊಡೆದೆ. ಬಿಸಿ ಅನ್ನ ಅಂಗಿಯ ಕತ್ತಿನೊಳಗೆ ಇಳಿಯಿತು, ಅವನು ಅಂಗಿ ಎಳೆದುಕೊಂಡ. ಬಲಗೈ ಏಳುತ್ತಿರಲಿಲ್ಲ, ಎಡಗೈಯಿಂದಲೇ ಕಪಾಳಕ್ಕೆ ಕೊಟ್ಟೆ. ಮತ್ತೆ ಸೌಟು ಸಿಕ್ಕಿತು. ದಿನಕ್ಕೆ ನೂರು ಮೂಟೆ ಹೊರುವವನು, ಒಂದು ಕೈಯಲ್ಲಿ ನನ್ನನ್ನು ಎತ್ತಿ ಕಿಟಕಿಯಾಚೆ ಇಡಬಹುದಿತ್ತು. ಕೈ ಎತ್ತಲೇ ಇಲ್ಲ. ಗೋಡೆಗೆ ಒರಗಿ ನಿಂತು ಹೊಡೆಸಿಕೊಂಡ. ತುಟಿ ಒಡೆದು ರಕ್ತ ಗಲ್ಲದ ಮೇಲಿಂದ ಅನ್ನದ ಮೇಲೆ ಬಿದ್ದಾಗ ನನ್ನ ಕೈ ನಿಂತಿತು. ಅವನು ತನ್ನ ಬಟ್ಟೆ ಚೀಲಕ್ಕೆ ತುಂಬಿಕೊಂಡು, ಒಲೆ ಆರಿಸಿದ್ದು ಖಾತ್ರಿ ಮಾಡಿಕೊಂಡು ಹೊರಟ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆ ರಾತ್ರಿ ನೆಲದ ಮೇಲಿನ ಅನ್ನ ಬಳಿದೆ.

ಇಷ್ಟೇ ನಡೆದದ್ದು. ಒಂದು ಮಾತು ಮಾತ್ರ ನಂಬು. ಈ ಕೈ ಹೀಗಿರಲಿಲ್ಲ, ಈ ದೇಶ ಅದಕ್ಕೆ ಹೊಡೆಯುವುದನ್ನು ಕಲಿಸಿತು. ಇಲ್ಲಿ ಒಂದು ಹೂಕೋಸಿಗೂ ಒಬ್ಬರನ್ನು ತುಳಿಯಬೇಕು. ನೀವಿಬ್ಬರೂ ಬಂದು ಈ ಕೋಣೆಯಲ್ಲಿ ನಾಲ್ಕು ಮಾತು ಕೇಳಿಸಿದರೆ ನಾನು ಮತ್ತೆ ಮನುಷ್ಯನಾಗುತ್ತೇನೆ. ಮಂಡಿಗೆ ಹೋಗುವುದು ಬಿಟ್ಟಿದ್ದೇನೆ. ಕಪಾಟಿನ ಬೀಗ ತೆಗೆದು ಕಸಕ್ಕೆ ಹಾಕಿದ್ದೇನೆ. ಕಂಬಳಿ ಎರಡು ತಂದಿದ್ದೇನೆ, ಗುಣಿಸಿ ನೋಡದೆ ತಂದೆ. ನಿನ್ನ ತಮ್ಮನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಅವನ ಕೋಣೆಗೆ ಹೋಗಿ ಕಾಲು ಹಿಡಿಯಲೂ ತಯಾರು, ಅವನು ಬಾಗಿಲು ತೆಗೆಯಬೇಕು ಅಷ್ಟೇ.

ಬರುವಾಗ ಎರಡು ಚೊಂಬು ತಾ, ಸೂಜಿಯ ಪೊಟ್ಟಣ ತಾ, ಪುಟ್ಟಿಗೆ ದಪ್ಪ ಕಾಲುಚೀಲ ತಾ. ಇಲ್ಲಿ ಅವಕ್ಕೆ ಚಿನ್ನದ ಬೆಲೆ. ಪುಟ್ಟಿಗೆ ಅವಳಪ್ಪನ ಮುತ್ತು. ಅವಳು ಓದಿ, ಬೆಳೆದು, ಬೆಲೆಯ ಚೀಟಿ ನೋಡದೆ ಬೇಕಾದ್ದನ್ನು ಕೊಳ್ಳುವಂತಾಗಲಿ. ಅತ್ತೆಗೆ ಇನ್ನು ಅಳಬೇಡಿ ಅಂತ ಹೇಳು, ಮಂಡಿ ನೋವಿಗೆ ಎಣ್ಣೆ ತಿಕ್ಕಿಸು. ನಿನಗೆ ಏನಂತ ಹರಸಲಿ? ನಿನ್ನ ತುಟಿಯ ನಗು ಮಾಸದಿರಲಿ. ಫೋನ್ ಎತ್ತು.

ನಿನ್ನವನೇ ಆದ,
ದರ್ಜಿ

ಮರೆತ ಮಾತು:

ಮರೆತದ್ದಲ್ಲ. ಲಕೋಟೆಗೆ ಅಂಟು ಹಾಕಿ, ಒಂದು ಗಂಟೆ ಎದುರಿಗೆ ಇಟ್ಟುಕೊಂಡು ಕೂತು, ಮತ್ತೆ ಹರಿದು ಬರೆಯುತ್ತಿದ್ದೇನೆ.

ಎರಡು ಏಟು ಬಿದ್ದ ಮೇಲೆ ನಿನ್ನ ತಮ್ಮ ಒಂದು ಮಾತು ಕೇಳಿದ. ಮೇಲೆ ಅದನ್ನು ಬರೆಯದೆ ದಾಟಿಸಿಬಿಟ್ಟೆ. ಅವನು ಕೂಗಲಿಲ್ಲ, ಅಂಗಡಿಯಲ್ಲಿ ಏನೋ ವಿಚಾರಿಸುವವನ ಹಾಗೆ ಮೆಲ್ಲಗೆ ಕೇಳಿದ.

"ಅಕ್ಕನಿಗೂ ಹೀಗೇ ಹೊಡೀತಿದ್ರಾ ಭಾವ?"

ಇಲ್ಲ ಅಂದೆ. ಸೌಟು ಎತ್ತಿದ್ದು ಆಮೇಲೆ. ತುಟಿ ಒಡೆದದ್ದು ಆ ಏಟಿಗೆ.

ನೀನು ಅವನಿಗೆ ಹೇಳಿಲ್ಲ, ಅದು ನನಗೆ ಗೊತ್ತು. ನೀನು ನಿಮ್ಮಮ್ಮನಿಗೂ ಹೇಳಿಲ್ಲ. ಪುಟ್ಟಿ ಹೇಳಿರಬೇಕು. ಅವಳಿಗೆ ಆಗ ಐದು ವರ್ಷ, ಇಸ್ತ್ರಿಗೆ ತೂಗುಹಾಕಿದ್ದ ಬಟ್ಟೆಗಳ ಹಿಂದೆ ಅವಳ ಕಾಲು ಕಾಣುತ್ತಿತ್ತು. ಸಸ್ತಾ ಸಿಕ್ಕಿತು ಅಂತ ನೀನು ಅವಳಿಗೆ ಎರಡು ಜೊತೆ ಸ್ಕೂಲ್ ಬೂಟು ತಂದಿದ್ದೆ, ಒಂದು ಆ ವರ್ಷಕ್ಕೆ, ಒಂದು ಬರುವ ವರ್ಷಕ್ಕೆ. ಬುದ್ಧಿವಂತಿಕೆಯ ವ್ಯಾಪಾರ. ನನ್ನನ್ನು ಕೇಳಲಿಲ್ಲ ಅನ್ನುವುದೊಂದೇ ನನಗೆ ಕಂಡದ್ದು. ಬಟ್ಟೆ ಅಳೆಯುವ ಕಬ್ಬಿಣದ ಪಟ್ಟಿ ಕೈಯಲ್ಲಿತ್ತು. ಡಾಕ್ಟರಿಗೆ ನೀನೇ, ಏಣಿಯಿಂದ ಬಿದ್ದೆ, ಅಂದೆ. ಅವತ್ತಿನಿಂದ ಫೋನನ್ನು ಬಲಗಿವಿಗೇ ಹಿಡಿಯುತ್ತೀಯ. ಅದೊಂದೇ ಸಲ ಅಂತ ಬರೆಯೋಣ ಅಂದುಕೊಂಡೆ, ಪೆನ್ನು ಹೋಗುತ್ತಿಲ್ಲ.

ಆಗ ನಾನು ಈ ದೇಶದ ಹೆಸರನ್ನೂ ಕೇಳಿರಲಿಲ್ಲ ಕಣೇ.

ನಿನ್ನ ತಮ್ಮ ಇವತ್ತಲ್ಲ ನಾಳೆ ನಿನ್ನನ್ನೂ ಅದನ್ನೇ ಕೇಳುತ್ತಾನೆ. ಏಣಿಯ ಕತೆ ಹೇಳಬೇಡ. ಹೌದು ಅನ್ನು.